ಕಾಳು ಕಟ್ಟಿಕೊಂಡ ಬುತ್ತಿ

ಒಂದು ಹಿಡಿ ಹುರುಳಿಯನ್ನು ರಾತ್ರಿ ನೀರಿಗೆ ಹಾಕಿಟ್ಟು, ಬೆಳಿಗ್ಗೆ ಒಂದು ಕಾಳನ್ನು ಎರಡು ಬೆರಳ ನಡುವೆ ಹಿಸುಕಿ ನೋಡಿ. ಸಿಪ್ಪೆ ಜಾರುತ್ತದೆ, ಎರಡು ಬೇಳೆ ಬಿಚ್ಚಿಕೊಳ್ಳುತ್ತವೆ. ಎರಡರ ಸಂದಿನಲ್ಲಿ, ಒಂದು ಅಂಚಿಗೆ ಅಂಟಿಕೊಂಡು, ಬಾಗಿದ ಸಣ್ಣದೊಂದು ಮೊಳಕೆ ಕಾಣುತ್ತದೆ. ಮುಂದೆ ಬೇರು, ಕಾಂಡ, ಎಲೆಯಾಗುವುದು ಅದು. ಮಿಕ್ಕಿದ್ದೆಲ್ಲ ಅದರ ಬುತ್ತಿ. ಮಣ್ಣಿನಿಂದ ತಲೆಯೆತ್ತಿ ಎಲೆ ಬಿಟ್ಟು ತಾನೇ ದುಡಿದು ಉಣ್ಣುವವರೆಗೆ ಮರಿಗಿಡಕ್ಕೆ ಬೇಕಾದ ಪಿಷ್ಟ, ಪ್ರೋಟೀನ್, ಖನಿಜಗಳನ್ನು ತಾಯಿಗಿಡ ಈ ಎರಡು ಬೇಳೆಗಳಲ್ಲಿ ತುಂಬಿ ಕಳಿಸಿರುತ್ತದೆ. ನಾವು ಸಾರು ಮಾಡಿಕೊಂಡು ಉಣ್ಣುವುದು ಆ ಬುತ್ತಿಯನ್ನೇ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಶೇಂಗಾ ಬೀಜದಲ್ಲಿ ಸುಮಾರು 25 ಗ್ರಾಂ, ಜೋಳದಲ್ಲಿ 10ರ ಆಸುಪಾಸು.

ಈ ಪ್ರೋಟೀನ್ ಎಂಥದ್ದು, ಎಷ್ಟು, ಯಾವಾಗ ತುಂಬಬೇಕು ಎಂಬುದೆಲ್ಲ ಗಿಡದ ಜೀನ್‌ಗಳಲ್ಲಿ ಬರೆದಿದೆ. ಆ ಬರಹ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ, ಹೊಲಕ್ಕೆ ಜಿಪ್ಸಂ ಏಕೆ ಹಾಕಬೇಕು, ಹುರುಳಿಯನ್ನು ಏಕೆ ನೆನೆಸಬೇಕು, ‘ಹೆಚ್ಚು ಪ್ರೋಟೀನಿನ ತಳಿ’ ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಜನಕ್ಕೆ ಇದು ದೂರದ ವಿಷಯವಲ್ಲ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಕಡೆ ಭತ್ತ, ಕಬ್ಬು ಬಂದವು ನಿಜ. ನೀರು ಹತ್ತದ ಮಸಾರಿ ಹೊಲಗಳಲ್ಲಿ ಶೇಂಗಾ, ಹುರುಳಿ, ತೊಗರಿಯೂ ಎರೆ ಹೊಲಗಳಲ್ಲಿ ಕಡಲೆಯೂ ಇಂದಿಗೂ ಮನೆ ನಡೆಸುವ ಬೆಳೆಗಳು.

ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದ ಮೇಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ಹುರುಳಿ, ಹೆಸರು ಕಾಳುಗಳು ಸಿಕ್ಕಿವೆ. ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ಇಲ್ಲಿ ದನ ಕಾಯುತ್ತ, ಸಗಣಿ ಸುಟ್ಟ ಬೂದಿಯ ದಿಬ್ಬಗಳನ್ನು ಬಿಟ್ಟುಹೋದ ಜನ ಈ ಕಾಳುಗಳನ್ನು ಬೆಳೆದು ತಿನ್ನುತ್ತಿದ್ದರು. ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದವರು ಈ ನೆಲೆಗಳ ಮಣ್ಣನ್ನು ನೀರಲ್ಲಿ ತೇಲಿಸಿ ಕಾಳು ಹೆಕ್ಕಿ ಅಧ್ಯಯನ ಮಾಡಿದ್ದಾರೆ. ಹಳೆಯ ಹುರುಳಿ ಕಾಳುಗಳನ್ನು ಪ್ರಬಲ ಕ್ಷಕಿರಣದಡಿ ಇಟ್ಟು ಸಿಪ್ಪೆಯ ದಪ್ಪ ಅಳೆದ 2017ರ ಒಂದು ಅಧ್ಯಯನ, ಬೇಸಾಯ ಮುಂದುವರಿದಂತೆ ಸಿಪ್ಪೆ ತೆಳುವಾಗುತ್ತ ಬಂತೆಂದು ತೋರಿಸಿತು. ದಪ್ಪ ಸಿಪ್ಪೆಯ ಕಾಡುಕಾಳು ಮಳೆ ಬಿದ್ದರೂ ಸುಮ್ಮನೆ ಮಲಗಿರುತ್ತದೆ. ತೆಳು ಸಿಪ್ಪೆಯದು ಬಿತ್ತಿದ ಕೂಡಲೇ ಏಳುತ್ತದೆ. ಪ್ರತಿ ವರ್ಷ ಎದ್ದ ಗಿಡದ ಕಾಳನ್ನೇ ಮತ್ತೆ ಬಿತ್ತುತ್ತ ಬಂದ ರೈತರು, ಜೀನ್ ಎಂಬುದರ ಹೆಸರು ಹುಟ್ಟುವ ಎಷ್ಟೋ ಮೊದಲೇ ಜೀನ್‌ಗಳನ್ನು ಆರಿಸಿದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಪೇಟೆಯಲ್ಲಿ ಅಗ್ಗವಾಗಿ ರಾಶಿ ಬಿದ್ದಿದ್ದ ಧಾನ್ಯಗಳ ಜೊತೆ ಹೆಸರು, ಹುರುಳಿಯನ್ನೂ ಹೆಸರಿಸುತ್ತಾನೆ. ದಕ್ಷಿಣ ಅಮೆರಿಕದ ಶೇಂಗಾ ಆಗಿನ್ನೂ ಈ ಪೇಟೆ ಕಂಡಿರಲಿಲ್ಲ.

ಇನ್ನು ಬುತ್ತಿಯನ್ನು ಬಿಚ್ಚೋಣ. ಹುರುಳಿ ಹಿಟ್ಟನ್ನು ಬರೀ ನೀರಿಗೆ ಕದಡಿ ಸೋಸಿದರೆ ಸ್ವಲ್ಪ ಪ್ರೋಟೀನ್ ಮಾತ್ರ ನೀರಿಗೆ ಬರುತ್ತದೆ. ಅದಕ್ಕೆ ಅಲ್ಬುಮಿನ್ ಎಂದು ಹೆಸರು. ಉಳಿದ ಹಿಟ್ಟನ್ನು ಉಪ್ಪುನೀರಿಗೆ ಕದಡಿದರೆ ಬಹುಪಾಲು ಪ್ರೋಟೀನ್ ಕರಗಿ ಹೊರಬರುತ್ತದೆ. ಇದು ಗ್ಲೋಬ್ಯುಲಿನ್. ಯಾವ ದ್ರವದಲ್ಲಿ ಕರಗುತ್ತದೆ ಎಂಬುದರ ಮೇಲೆ ಬೀಜದ ಪ್ರೋಟೀನ್‌ಗಳನ್ನು ಹೀಗೆ ವಿಂಗಡಿಸುವ ಕ್ರಮ ಅಮೆರಿಕದ ಥಾಮಸ್ ಆಸ್ಬರ್ನ್ ಅವರದು. ನೂರು ವರ್ಷ ದಾಟಿದರೂ ಪ್ರಯೋಗಾಲಯಗಳು ಇದನ್ನು ಬಿಟ್ಟಿಲ್ಲ. ಜೋಳ, ಮೆಕ್ಕೆಜೋಳದ ಮುಖ್ಯ ಪ್ರೋಟೀನ್ ಉಪ್ಪುನೀರಿಗೂ ಕರಗದು, ಅದಕ್ಕೆ ಆಲ್ಕೋಹಾಲ್ ಬೇಕು. ಕಾಳಿನ ಬುತ್ತಿಯೂ ತೆನೆಯ ಬುತ್ತಿಯೂ ಬುಡದಲ್ಲೇ ಬೇರೆ ಬೇರೆ.

ಗ್ಲೋಬ್ಯುಲಿನ್‌ನಲ್ಲಿ ಎರಡು ಮನೆತನಗಳಿವೆ: ಲೆಗ್ಯುಮಿನ್ ಮತ್ತು ವಿಸಿಲಿನ್. ಶೇಂಗಾದಲ್ಲಿ ಇವೇ ಅರಾಚಿನ್ ಮತ್ತು ಕಾನರಾಚಿನ್ ಎಂಬ ಹೆಸರಿನಲ್ಲಿವೆ. ವಿಸಿಲಿನ್‌ನಲ್ಲಿ ಮೂರು ತುಂಡುಗಳು ಸೇರಿ ಒಂದು ಚಕ್ಕೆಯಾಗುತ್ತವೆ. ಲೆಗ್ಯುಮಿನ್ ಆರು ತುಂಡುಗಳದು, ಅಂಥ ಎರಡು ಚಕ್ಕೆ ಒಂದರ ಮೇಲೊಂದು ಕೂತ ಹಾಗೆ. ನಮಗೆ ಮುಖ್ಯವಾದ ವ್ಯತ್ಯಾಸ ಗಂಧಕದ್ದು. ಲೆಗ್ಯುಮಿನ್‌ನಲ್ಲಿ ಗಂಧಕವಿರುವ ಅಮೈನೋ ಆಮ್ಲಗಳು, ಅಂದರೆ ಮೆಥಿಯೊನಿನ್ ಮತ್ತು ಸಿಸ್ಟೀನ್, ಸ್ವಲ್ಪವಾದರೂ ಇವೆ. ವಿಸಿಲಿನ್‌ನಲ್ಲಿ ಅವು ತೀರಾ ಕಡಿಮೆ. ಬೇಳೆಕಾಳುಗಳ ಪ್ರೋಟೀನ್ ಪ್ರಮಾಣದಲ್ಲಿ ಹೆಚ್ಚಿದ್ದರೂ ಗುಣದಲ್ಲಿ ಹಾಲು, ಮೊಟ್ಟೆಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುವುದು ಈ ಕೊರತೆಯಿಂದ.

ಶೇಂಗಾ ಗಿಡದ ಎಲೆ, ಬೇರು, ಹೂವಿನ ಜೀವಕೋಶಗಳಲ್ಲೂ ಅರಾಚಿನ್ ಜೀನ್ ಇದೆ. ಆದರೂ ಎಲೆಯಲ್ಲಿ ಅರಾಚಿನ್ ಹುಟ್ಟುವುದಿಲ್ಲ. ಜೀನ್‌ನ ಮುಂದೆ ಡಿಎನ್‌ಎಯ ಒಂದು ಪಟ್ಟಿಯಿರುತ್ತದೆ. ಅದರಲ್ಲಿ ಸಿ-ಎ-ಟಿ-ಜಿ-ಸಿ-ಎ ಎಂಬ ಆರಕ್ಷರದ ಸಾಲು ಬರುತ್ತದೆ. ಬೀಜ ಬಲಿಯುವ ದಿನಗಳಲ್ಲಿ ಮಾತ್ರ ಹುಟ್ಟುವ ಎಬಿಐ3, ಎಫ್‌ಯುಎಸ್3 ಎಂಬ ಮೇಲ್ವಿಚಾರಕ ಪ್ರೋಟೀನ್‌ಗಳು ಆ ಸಾಲನ್ನು ಗುರುತು ಹಿಡಿದು ಅಲ್ಲಿ ಕೂರುತ್ತವೆ. ಅವು ಕೂತ ಮೇಲೆ ಜೀನ್ ಓದಿಸಿಕೊಳ್ಳಲು ತೊಡಗುತ್ತದೆ. ಎಲೆಯಲ್ಲಿ ಈ ಮೇಲ್ವಿಚಾರಕರು ಸುಳಿಯುವುದಿಲ್ಲವಾದ್ದರಿಂದ ಅಲ್ಲಿ ಜೀನ್ ಮೌನ.

ಹೂ ಕಟ್ಟಿ ಕಾಯಿ ಮೂಡಿದ ಮೊದಲ ದಿನಗಳಲ್ಲಿ ಎಳೆ ಬೇಳೆಯ ಜೀವಕೋಶಗಳು ಒಡೆದು ಒಡೆದು ಹೆಚ್ಚುತ್ತವೆ. ಆಮೇಲೆ ಒಡೆಯುವುದು ನಿಂತು ತುಂಬುವುದು ಶುರು. ಜೀವಕೋಶದೊಳಗಿನ ಜಾಲದಂಥ ಪೊರೆಗಳಲ್ಲಿ ಪ್ರೋಟೀನ್ ಎಳೆ ತಯಾರಾಗಿ, ಮಡಿಚಿಕೊಂಡು, ಮೂರು ಮೂರು ಒಂದಾಗಿ, ರಸದಾನಿ ಎಂಬ ಜೀವಕೋಶದ ಚೀಲಕ್ಕೆ ಸಾಗುತ್ತದೆ. ಅಲ್ಲಿ ಒಂದು ಕಿಣ್ವ ಲೆಗ್ಯುಮಿನ್‌ನ ಪ್ರತಿ ತುಂಡನ್ನೂ ನಿರ್ದಿಷ್ಟ ಜಾಗದಲ್ಲಿ, ಆಸ್ಪರಜಿನ್ ಎಂಬ ಅಮೈನೋ ಆಮ್ಲದ ಪಕ್ಕದಲ್ಲಿ, ಕತ್ತರಿಸುತ್ತದೆ. ಕತ್ತರಿಸಿದ ಎರಡು ಭಾಗಗಳೂ ಬೇರೆಯಾಗದಂತೆ ಗಂಧಕದ ಕೊಂಡಿ ಹಿಡಿದಿರುತ್ತದೆ. ಹಾಗೆ ಕತ್ತರಿಸಿದ ಮೇಲೆಯೇ ಮೂರರ ಎರಡು ಗುಂಪುಗಳು ಸೇರಿ ಆರಾಗುವುದು. ಕತ್ತರಿ ಬೀಳದಿದ್ದರೆ ಅವು ಮೂರಾಗಿಯೇ ಉಳಿಯುತ್ತವೆ. ಒತ್ತಾಗಿ ತುಂಬಿದ ರಸದಾನಿ ಕೊನೆಗೆ ಸಣ್ಣ ಸಣ್ಣ ಪ್ರೋಟೀನ್ ಹರಳುಗಳಾಗಿ ಒಡೆದು, ಕಾಳು ಒಣಗಿ, ಬುತ್ತಿಯ ಗಂಟು ಬಿಗಿಯುತ್ತದೆ. ಮುಂದೆ ನೀರು ಸೋಕಿದಾಗ ಬೇರೆ ಕಿಣ್ವಗಳು ಎದ್ದು ಈ ಪ್ರೋಟೀನನ್ನು ಬಿಡಿಸಿ ಮೊಳಕೆಗೆ ಉಣಿಸುತ್ತವೆ.

ತುಂಬುವ ಹೊತ್ತಿನಲ್ಲಿ ಬೇಕಾದ ಸಾರಜನಕದ ದೊಡ್ಡ ಪಾಲು ಎಲೆಗಳಿಂದ ಬರುತ್ತದೆ. ಕಾಳು ಬಲಿಯುವಾಗ ತೊಗರಿ, ಕಡಲೆ ಎಲೆ ಹಳದಿಯಾಗುವುದಕ್ಕೆ ಇದೂ ಒಂದು ಕಾರಣ. ಆಗ ಮಳೆ ಕೈಕೊಟ್ಟರೆ ಪಿಷ್ಟ ತುಂಬುವುದು ಪ್ರೋಟೀನ್ ತುಂಬುವುದಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದುಂಟು. ಕಾಳು ಜೊಳ್ಳಾಗಿ ಸಣ್ಣದಾಗುತ್ತದೆ, ಆದರೆ ಪ್ರಯೋಗಾಲಯದಲ್ಲಿ ಅಳೆದರೆ ಶೇಕಡಾವಾರು ಪ್ರೋಟೀನ್ ಏರಿದಂತೆ ಕಾಣುತ್ತದೆ! ಆದ್ದರಿಂದ ಯಾವ ತಳಿಗಾದರೂ ‘ಶೇ 26 ಪ್ರೋಟೀನ್’ ಎಂಬ ಚೀಟಿ ಅಂಟಿಸಿದ್ದರೆ, ಎಕರೆಗೆ ಎಷ್ಟು ಕ್ವಿಂಟಲ್ ಎಂದು ಕೂಡಲೇ ಕೇಳಬೇಕು. ಎರಡನ್ನೂ ಗುಣಿಸಿದಾಗ ಬರುವ ಅಂಕಿಯೇ ನಿಜವಾದ ಲೆಕ್ಕ.

ಈ ಪ್ರೋಟೀನ್‌ಗಳ ವಂಶಪಾರಂಪರ್ಯ ಏಕೆ ಜಟಿಲವೆಂದರೆ, ಒಂದು ಪ್ರೋಟೀನಿಗೆ ಒಂದೇ ಜೀನ್ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಲೆಗ್ಯುಮಿನ್ ಜೀನ್‌ಗಳು ಕುಟುಂಬವಾಗಿ, ಬೇರೆ ಬೇರೆ ವರ್ಣತಂತುಗಳ ಮೇಲೆ ಕೂತಿರುತ್ತವೆ. ಶೇಂಗಾದಲ್ಲಂತೂ ಎಲ್ಲವೂ ಇಮ್ಮಡಿ. ಅರಾಕಿಸ್ ಡ್ಯುರನೆನ್ಸಿಸ್, ಅರಾಕಿಸ್ ಇಪಾಯೆನ್ಸಿಸ್ ಎಂಬ ಎರಡು ಕಾಡುಗಿಡಗಳು ದಕ್ಷಿಣ ಅಮೆರಿಕದಲ್ಲಿ ಬೆರೆತು ಹುಟ್ಟಿದ ಬೆಳೆ ಅದು. ಎರಡರ ವರ್ಣತಂತುಗಳನ್ನೂ ಪೂರ್ತಿಯಾಗಿ ಉಳಿಸಿಕೊಂಡಿದೆ, ಒಟ್ಟು 40. ಆ ಎರಡು ಪೂರ್ವಜರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಬರಹ, 2016ರಲ್ಲೂ ಬೆಳೆಸುವ ಶೇಂಗಾದ್ದು 2019ರಲ್ಲೂ ಪ್ರಕಟವಾದವು. ಅರಾಚಿನ್‌ನ ಒಂದು ಜೀನ್ ಕೆಟ್ಟರೂ ಕುಟುಂಬದ ಇನ್ನೊಂದು ಕೆಲಸ ಮಾಡುತ್ತದೆ. ಗಿಡಕ್ಕೆ ಇದು ಭದ್ರತೆ, ತಳಿ ವಿಜ್ಞಾನಿಗೆ ತಲೆನೋವು.

ರಾಯಚೂರು ಕೃಷಿ ವಿಶ್ವವಿದ್ಯಾಲಯವು ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆಗೂಡಿ ಮಾಡಿದ ‘ಸೂಪರ್ ಅಣ್ಣಿಗೇರಿ-1’ ಕಡಲೆಯನ್ನು ಹೋಲಿಸಿ ನೋಡಿದರೆ ಈ ಕಷ್ಟ ಸ್ಪಷ್ಟವಾಗುತ್ತದೆ. ರೈತರು ಮೆಚ್ಚಿದ್ದ ಹಳೆಯ ಅಣ್ಣಿಗೇರಿ-1 ಸೊರಗು ರೋಗಕ್ಕೆ ಬಲಿಯಾಗುತ್ತಿತ್ತು. ಇನ್ನೊಂದು ತಳಿಯಿಂದ ರೋಗ ತಡೆಯುವ ಡಿಎನ್‌ಎ ತುಣುಕನ್ನು ಗುರುತಿನ ಸಹಾಯದಿಂದ ಹಿಂಬಾಲಿಸುತ್ತ, ಮತ್ತೆ ಮತ್ತೆ ಅಣ್ಣಿಗೇರಿಯ ಜೊತೆಗೇ ಸಂಕರಿಸಿ, ಆ ತುಣುಕು ಮಾತ್ರ ಹೊಸದಾಗುವಂತೆ ಮಾಡಿದರು. ಪ್ರೋಟೀನ್ ಪ್ರಮಾಣಕ್ಕೆ ಅಂಥ ಒಂದೇ ತುಣುಕು ಇಲ್ಲ. ಚೂರು ಚೂರು ಪ್ರಭಾವದ ಹಲವು ಜೀನ್‌ಗಳಿವೆ, ಮೇಲಿಂದ ಹವೆ ಮತ್ತು ಮಣ್ಣಿನ ಪಾಲು ಬೇರೆ. ತೊಗರಿಯ ಕಾಡು ಸಂಬಂಧಿಗಳಿಂದ ಇಕ್ರಿಸ್ಯಾಟ್ ವಿಜ್ಞಾನಿಗಳು ಎಚ್‌ಪಿಎಲ್ ಎಂಬ ಹೆಸರಿನ, ಶೇ 27ಕ್ಕೂ ಮೇಲೆ ಪ್ರೋಟೀನ್ ಇರುವ ತಳಿಸಾಲುಗಳನ್ನು ತೆಗೆದದ್ದು ಈ ಹಿನ್ನೆಲೆಯಲ್ಲಿ ದೊಡ್ಡ ಸಾಧನೆ. ಸಾಮಾನ್ಯ ತೊಗರಿಯಲ್ಲಿ ಇರುವುದು 20–22.

ಜೀನ್ ಯಾವುದು ಬಂತು ಎಂದು ಕಣ್ಣಿಗೆ ಕಾಣಿಸುವ ಉಪಾಯವೂ ಇದೆ. ಬೇಳೆಯ ಚಿಕ್ಕ ಚೂರನ್ನು ಪುಡಿ ಮಾಡಿ, ಮಾರ್ಜಕದೊಡನೆ ಕುದಿಸಿ, ಜೆಲ್ ಹಲಗೆಯ ಮೇಲಿಟ್ಟು ವಿದ್ಯುತ್ ಹರಿಸುತ್ತಾರೆ. ಸಣ್ಣ ಪ್ರೋಟೀನ್ ದೂರ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಬಣ್ಣ ಹಾಕಿದರೆ ನೀಲಿ ಪಟ್ಟೆಗಳ ಸಾಲು ಮೂಡುತ್ತದೆ. ತಂದೆ ತಳಿಯ ಪಟ್ಟೆ ಒಂದೆಡೆ, ತಾಯಿ ತಳಿಯದು ಇನ್ನೊಂದೆಡೆ ಇದ್ದರೆ, ಸಂಕರದ ಕಾಳಿನಲ್ಲಿ ಎರಡೂ ಕಾಣುತ್ತವೆ. ಒಂದು ಇನ್ನೊಂದನ್ನು ಮರೆಮಾಡುವುದಿಲ್ಲ. ಮೊಳಕೆಯಿಂದ ದೂರದ ತುದಿಯಲ್ಲಿ ಚೂರು ತೆಗೆದರೆ ಉಳಿದ ಕಾಳನ್ನು ಬಿತ್ತಲೂಬಹುದು. ಗಿಡ ಬೆಳೆದು ಹೂ ಬಿಡುವವರೆಗೆ ಕಾಯದೆ, ಬೇಕಾದ ಕಾಳು ಯಾವುದೆಂದು ಮೊದಲೇ ತಿಳಿಯುತ್ತದೆ. ತಳಿ ಶುದ್ಧವೋ ಬೆರಕೆಯೋ ಎಂದು ಪರೀಕ್ಷಿಸಲೂ ಇದೇ ದಾರಿ.

ಇದು ಸಾಧ್ಯವಾಗಲು ಒಂದು ಸೊಗಸಾದ ಕಾರಣವಿದೆ. ಕಾಯಿ ತಾಯಿಗಿಡದ್ದು, ಸಿಪ್ಪೆಯೂ ತಾಯಿಯದೇ. ಬೇಳೆ ಮಾತ್ರ ಮುಂದಿನ ತಲೆಮಾರಿಗೆ ಸೇರಿದ್ದು. ಪರಾಗ ಕೊಟ್ಟ ತಂದೆಯ ಗುಣ ತಾಯಿಗಿಡದ ಮೇಲಿರುವಾಗಲೇ ಬೇಳೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮೆಂಡೆಲ್‌ಗೆ ಬಟಾಣಿಯ ದುಂಡು, ಸುಕ್ಕು ಕಾಳುಗಳನ್ನು ಒಂದೇ ಕಾಯಲ್ಲಿ ಅಕ್ಕಪಕ್ಕ ಎಣಿಸಲು ಸಾಧ್ಯವಾದದ್ದು ಹೀಗೆ. ಆ ಸುಕ್ಕಿಗೆ ಕಾರಣವೇನೆಂದು 1990ರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯವರು ಪತ್ತೆ ಮಾಡಿದರು. ಪಿಷ್ಟ ಕಟ್ಟುವ ಒಂದು ಕಿಣ್ವದ ಜೀನ್ ಒಳಗೆ ಸುಮಾರು 800 ಅಕ್ಷರಗಳ ಬೇರೊಂದು ತುಣುಕು ಬಂದು ಕೂತು ಅದನ್ನು ಕೆಡಿಸಿತ್ತು. ಪಿಷ್ಟ ಕಡಿಮೆಯಾದ ಆ ಕಾಳಲ್ಲಿ ಲೆಗ್ಯುಮಿನ್ ಪಾಲೂ ತಗ್ಗಿರುತ್ತದೆ. ಬುತ್ತಿಯಲ್ಲಿ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ.

ಮಣ್ಣೂ ಈ ಬುತ್ತಿಗೆ ಕೈ ಹಾಕುತ್ತದೆ. ಗಂಧಕ ಸಾಲದ ಹೊಲದಲ್ಲಿ ಬಟಾಣಿ, ಸೋಯಾ ಬೆಳೆಸಿ ನೋಡಿದಾಗ, ಗಿಡ ಲೆಗ್ಯುಮಿನ್ ಜೀನ್‌ಗಳನ್ನು ಕಡಿಮೆ ಓದಿ, ಗಂಧಕ ಬೇಡದ ವಿಸಿಲಿನ್ ಜೀನ್‌ಗಳನ್ನು ಹೆಚ್ಚು ಓದಿತು. ಒಟ್ಟು ಪ್ರೋಟೀನ್ ಅಷ್ಟೇನೂ ಇಳಿಯದೆ ಗುಣ ಮಾತ್ರ ಇಳಿಯಬಹುದು. ತೂಕದಲ್ಲಿ ಇದು ಗೊತ್ತಾಗುವುದಿಲ್ಲ. ಹಿಂದೆ ಹಾಕುತ್ತಿದ್ದ ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ ಶೇ 11ರಷ್ಟು ಗಂಧಕ ಇತ್ತು. ಅದರ ಜಾಗಕ್ಕೆ ಬಂದ ಡಿಎಪಿಯಲ್ಲಿ ಗಂಧಕವಿಲ್ಲ. ಕೇವಲ ಡಿಎಪಿ, ಯೂರಿಯಾ ನಂಬಿದ ಮಸಾರಿ ಹೊಲಗಳಲ್ಲಿ ಗಂಧಕ ಖಾಲಿಯಾಗುತ್ತ ಹೋಗುವುದು ಸಹಜ. ಶೇಂಗಾಕ್ಕೆ ಹೂ ಬಿಡುವ ಹೊತ್ತಿಗೆ ಎಕರೆಗೆ 2 ಕ್ವಿಂಟಲ್ ಜಿಪ್ಸಂ ಕೊಟ್ಟು ಮಣ್ಣು ಏರಿಸುವ ಶಿಫಾರಸು ಎಲ್ಲ ರೈತರೂ ಕೇಳಿದ್ದೇ. ಮಣ್ಣಿನೊಳಗೆ ಬೆಳೆಯುವ ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಬೇಕು, ಬೇರು ಅದನ್ನು ಸಾಕಷ್ಟು ತಲುಪಿಸಲಾರದು. ಹಾಗಾಗಿ ಜಿಪ್ಸಂ ಕಾಯಿಯ ಬುಡಕ್ಕೇ ಬೀಳಬೇಕು. ಅದರಲ್ಲಿರುವ ಗಂಧಕ ಕಾಳಿನ ಪ್ರೋಟೀನಿಗೆ ಹೋಗುತ್ತದೆ. ಇದನ್ನು ಕಾಯಿ ಜೊಳ್ಳಾಗದಿರಲೆಂದು ಮಾತ್ರ ಹಾಕುತ್ತೇವೆಂದು ತಿಳಿದರೆ ಅರ್ಧ ಲಾಭವನ್ನಷ್ಟೇ ಕಂಡಂತೆ.

ಬುತ್ತಿಯಲ್ಲಿ ಇರುವುದೆಲ್ಲ ಊಟವಲ್ಲ, ಕಾವಲಿನವರೂ ಇದ್ದಾರೆ. ಹುರುಳಿಯ ಬೌಮನ್-ಬರ್ಕ್ ಎಂಬ ಜಾತಿಯ ಪ್ರೋಟೀನ್ ಚಿಕ್ಕದು, ಎರಡು ತಲೆಯದು. ಒಂದು ತಲೆ ನಮ್ಮ ಹೊಟ್ಟೆಯ ಟ್ರಿಪ್ಸಿನ್ ಕಿಣ್ವವನ್ನು, ಇನ್ನೊಂದು ಕೈಮೊಟ್ರಿಪ್ಸಿನ್ ಕಿಣ್ವವನ್ನು ಹಿಡಿದುಕೊಂಡು ಜೀರ್ಣಕ್ಕೆ ಅಡ್ಡಿ ಮಾಡುತ್ತವೆ. ಕೀಟದ ಹೊಟ್ಟೆಗೂ ಇದೇ ಗತಿ ಕಾಣಿಸಲು ಗಿಡ ಇದನ್ನು ಇಟ್ಟಿರುವುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಲಲಿತಾ ಗೌಡ ಅವರ ತಂಡ ಇದನ್ನು ಹುರುಳಿಯಿಂದ ಬೇರ್ಪಡಿಸಿ ವಿವರವಾಗಿ ಅಧ್ಯಯನ ಮಾಡಿದೆ. ಏಳು ಗಂಧಕದ ಕೊಂಡಿಗಳಿಂದ ಬಿಗಿದ ಇದು ಶಾಖಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹುರುಳಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸುವ ಪದ್ಧತಿಯ ಹಿಂದಿನ ಲಾಭ ಇಲ್ಲಿದೆ: ಒಂದೊಂದು ಹಂತದಲ್ಲೂ ಕಾವಲು ಸ್ವಲ್ಪ ಸ್ವಲ್ಪ ಸಡಿಲುತ್ತದೆ. ಮೊಳಕೆಯೇ ತನ್ನ ಕಿಣ್ವಗಳಿಂದ ಬುತ್ತಿ ಬಿಚ್ಚಲು ತೊಡಗಿರುವುದರಿಂದ ನಮ್ಮ ಹೊಟ್ಟೆಯ ಕೆಲಸವೂ ಹಗುರ.

ಲೆಕ್ಟಿನ್ ಎಂಬುದು ಇನ್ನೊಂದು ಕಾವಲು. ಹುರುಳಿಯ ಲೆಕ್ಟಿನ್ ವೈದ್ಯಲೋಕದಲ್ಲಿ ಹೆಸರಾದದ್ದು. ಹುರುಳಿ ರಸ ಮನುಷ್ಯರ ರಕ್ತಕಣಗಳನ್ನು ಆಯ್ದು ಅಂಟಿಸುತ್ತದೆ ಎಂದು ಜಿ.ಡಬ್ಲ್ಯು.ಜಿ. ಬರ್ಡ್ 1951ರಲ್ಲಿ ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲೇ ಬರೆದರು. ಎ ಗುಂಪಿನ ರಕ್ತದಲ್ಲೂ ಎ1, ಎ2 ಎಂಬ ಒಳಭೇದವಿದೆ. ತಕ್ಕಷ್ಟು ತೆಳು ಮಾಡಿದ ಹುರುಳಿ ರಸ ಎ1 ಕಣಗಳನ್ನು ಮಾತ್ರ ಗುಂಪುಗಟ್ಟಿಸುತ್ತದೆ. ಇವತ್ತಿಗೂ ರಕ್ತನಿಧಿಗಳಲ್ಲಿ ಈ ಪರೀಕ್ಷೆಗೆ ಹುರುಳಿಯ ಲೆಕ್ಟಿನ್ ಬಳಕೆಯಲ್ಲಿದೆ. ಶೇಂಗಾ ಲೆಕ್ಟಿನ್‌ನ ರಚನೆಯನ್ನು ಬಿಡಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಅವಧೇಶ ಸುರೋಲಿಯಾ ಅವರ ಬಳಗ, 1994ರಲ್ಲಿ. ಅಡುಗೆಯ ಮಟ್ಟಿಗೆ ಹೇಳುವುದಾದರೆ ಲೆಕ್ಟಿನ್‌ಗಳು ಚೆನ್ನಾಗಿ ಕುದಿಸಿದರೆ ಅಳಿಯುತ್ತವೆ. ಅರೆಬೆಂದ ಕಾಳು ತಿನ್ನಬಾರದು.

ಶೇಂಗಾ ಅಲರ್ಜಿಗೂ ಕಾರಣ ಈ ಬುತ್ತಿಯ ಪ್ರೋಟೀನ್‌ಗಳೇ. ಕಾನರಾಚಿನ್, ಅರಾಚಿನ್, ಅವಕ್ಕಿಂತ ತೀಕ್ಷ್ಣವಾಗಿ ಅರಾ ಎಚ್2, ಅರಾ ಎಚ್6 ಎಂಬ ಚಿಕ್ಕ ಅಲ್ಬುಮಿನ್‌ಗಳು. ಶೇಂಗಾ ತಿಂದ ಮಗುವಿಗೆ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸೋಯಾದ ಗಂಧಕದ ಕೊರತೆ ತುಂಬಲು ಬ್ರೆಜಿಲ್ ಕಾಯಿಯ ಅಲ್ಬುಮಿನ್ ಜೀನನ್ನು ಅದಕ್ಕೆ ಸೇರಿಸಿದ ಪ್ರಯತ್ನ ನಿಂತದ್ದು ಕೂಡ ಅಲರ್ಜಿಯಿಂದ. ಆ ಪ್ರೋಟೀನೇ ಅಲರ್ಜಿಕಾರಕ ಎಂದು 1996ರಲ್ಲಿ ಪ್ರಕಟವಾಯಿತು. ಆ ಸೋಯಾ ತಳಿ ಮಾರುಕಟ್ಟೆಗೆ ಬರಲಿಲ್ಲ.

ಜೀನ್ ಸಾಗಿಸದೆಯೂ ಈ ಕೊರತೆ ತುಂಬಬಹುದು, ತಟ್ಟೆಯಲ್ಲಿ. ಜೋಳದ ಪ್ರೋಟೀನಿನ ಪ್ರತಿ ಗ್ರಾಂನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಸುಮಾರು 20 ಮಿಲಿಗ್ರಾಂ ಮಾತ್ರ. ತೊಗರಿ, ಹುರುಳಿಯಲ್ಲಿ 60ಕ್ಕೂ ಹೆಚ್ಚು. ಕಾಳಿನಲ್ಲಿ ಕಡಿಮೆಯಿರುವ ಗಂಧಕದ ಅಮೈನೋ ಆಮ್ಲಗಳಿಗೆ ಜೋಳ ಸ್ವಲ್ಪ ಆಸರೆ. ಆದರೆ ಒಂದು ಎಚ್ಚರ ಬೇಕು. ನಮ್ಮ ಕಡೆ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಊಟ ಮುಗಿಸುವುದುಂಟು. ಶೇಂಗಾದ ಪ್ರೋಟೀನಿನಲ್ಲಿ ಲೈಸಿನ್ ಬೇಳೆಗಳಷ್ಟಿಲ್ಲ, 35ರ ಸುಮಾರು. ಆದ್ದರಿಂದ ರೊಟ್ಟಿಯ ಕೊರತೆಯನ್ನು ಚಟ್ನಿ ಪೂರ್ತಿ ತುಂಬಲಾರದು. ಪಕ್ಕದಲ್ಲಿ ಹೆಸರುಕಾಳಿನ ಪಲ್ಯವೋ ಹುರುಳಿ ಕಟ್ಟಿನ ಸಾರೋ ಇರಲೇಬೇಕು. ಸಿಎಫ್‌ಟಿಆರ್‌ಐ 1950ರ ದಶಕದಲ್ಲಿ ಬಡ ಮಕ್ಕಳಿಗಾಗಿ ರೂಪಿಸಿದ ‘ಮಲ್ಟಿಪರ್ಪಸ್ ಫುಡ್’ನಲ್ಲಿ 75 ಪಾಲು ಶೇಂಗಾ ಹಿಟ್ಟಿಗೆ 25 ಪಾಲು ಕಡಲೆ ಹಿಟ್ಟು ಬೆರೆಸಿದ್ದು ಸುಮ್ಮನೆ ಅಲ್ಲ.

ಹುರುಳಿಯ ಜೀನ್‌ಗಳ ಕಡೆ ವಿಜ್ಞಾನ ತಿರುಗಿದ್ದು ತಡವಾಗಿ. ತೊಗರಿಯ ಜೀನೋಮ್ 2011ರಲ್ಲಿ, ಕಡಲೆಯದು 2013ರಲ್ಲಿ ಬಂದರೆ, ಹುರುಳಿ 2021ರವರೆಗೆ ಕಾಯಬೇಕಾಯಿತು. ಆ ವರ್ಷ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳಿದ್ದ ತಂಡವೂ ಹುರುಳಿಯ ಒಂದು ಜೀನೋಮ್ ಪ್ರಕಟಿಸಿತು. ಇನ್ನು ಮುಂದೆ ಲೆಗ್ಯುಮಿನ್ ಹೆಚ್ಚಿರುವ, ಜೀರ್ಣಕ್ಕೆ ಅಡ್ಡಿ ಮಾಡುವ ಕಾವಲು ಕಡಿಮೆಯಿರುವ ಹುರುಳಿಯನ್ನು ಹುಡುಕುವುದು ಸುಲಭ. ಹುಡುಕಬೇಕಾದದ್ದು ಮಳೆಯಾಶ್ರಿತ ಮಸಾರಿ ಹೊಲಗಳ ನಾಟಿ ತಳಿಗಳಲ್ಲಿ, ಅವು ಮನೆಗಳಿಂದ ಕಣ್ಮರೆಯಾಗುವ ಮೊದಲು. ಕಾವಲನ್ನು ಪೂರ್ತಿ ತೆಗೆಯುವುದನ್ನು ಮಾತ್ರ ನಾನು ಒಪ್ಪಲಾರೆ. ಉದಾಹರಣೆಗೆ, ಟಿವಿಯು 2027 ಎಂಬ ಆಫ್ರಿಕದ ಅಲಸಂದಿ ತಳಿಗೆ ಕಾಳು ಕೊರೆಯುವ ದುಂಬಿ ಸುಲಭವಾಗಿ ಬೀಳುವುದಿಲ್ಲ. ಅದರ ವಿಸಿಲಿನ್ ದುಂಬಿಮರಿಯ ಹೊಟ್ಟೆಯಲ್ಲಿ ಜೀರ್ಣವಾಗದೆ ಕರುಳಿಗೇ ಅಂಟಿಕೊಳ್ಳುವುದು ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಕಂಡಿದ್ದಾರೆ. ಕಾವಲಿಲ್ಲದ ಹುರುಳಿ ಅಡುಗೆಮನೆಗೆ ಸಲೀಸು, ಕಣಜದಲ್ಲಿ ಮಾತ್ರ ಎರಡೇ ತಿಂಗಳಿಗೆ ಹುಡಿಯಾಗಬಹುದು. ಕೆಮ್ಮಣ್ಣು ಹಚ್ಚಿ ಒಣಗಿಸಿ ಬಿತ್ತನೆ ಕಾಳು ಕಾಪಾಡುವ ಮನೆಗಳು ಈಗ ಕಡಿಮೆಯಾಗಿವೆ. ಆದ್ದರಿಂದ ಹೊಸ ಹುರುಳಿ ತಳಿಯನ್ನು ಬಿಡುಗಡೆ ಮಾಡುವ ಮುನ್ನ ಪ್ರೋಟೀನ್ ಅಳೆದಷ್ಟೇ ಶ್ರದ್ಧೆಯಿಂದ ಅದನ್ನು ಒಂದು ಬೇಸಿಗೆ ಪೂರ್ತಿ ಚೀಲದಲ್ಲಿಟ್ಟು, ದುಂಬಿ ಎಷ್ಟು ಬಿತ್ತೆಂದು ಎಣಿಸಿ ನೋಡಬೇಕು.